ಒಳಬಯಲಿನ ಸ್ಮಾರಕ: ಗೊರಾಯಿಯ ವಿಪಸ್ಸನಾ ಪಗೋಡದ ಒಂದು ವಿಮರ್ಶೆ

೧

ಧ್ಯಾನಗುರುವಿಗೆ ಸ್ಮಾರಕ ಕಟ್ಟುವ ಕಾರ್ಯವು ಬೌದ್ಧ ಪರಂಪರೆಯಲ್ಲಿ ಮೇಲುನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ಸಕಲ ಸಂಸ್ಕಾರಗಳೂ ಅನಿತ್ಯವೆಂದು ಬೋಧಿಸಿದವನನ್ನು ಶತಮಾನಗಳ ಕಾಲ ನಿಲ್ಲಲೆಂದು ಜೋಡಿಸಿದ ಶಿಲೆಯ ಮೂಲಕ ನೆನೆಯುವುದರಲ್ಲಿಯೇ ಒಂದು ಬಿಕ್ಕಟ್ಟು ಅಡಗಿದೆ. ಈ ಬಿಕ್ಕಟ್ಟು ಇಂದಿನದಲ್ಲ. ಬುದ್ಧನ ಕೊನೆಯ ದಿನಗಳನ್ನು ನಿರೂಪಿಸುವ ಮಹಾಪರಿನಿಬ್ಬಾಣಸುತ್ತದಲ್ಲಿಯೇ ಎರಡು ನಿಲುವುಗಳು ಅಕ್ಕಪಕ್ಕದಲ್ಲಿವೆ. ಒಂದೆಡೆ ಸ್ತೂಪಕ್ಕೆ ಅರ್ಹರಾದ ನಾಲ್ವರನ್ನು ಆ ಸುತ್ತವು ಹೆಸರಿಸುತ್ತದೆ: ತಥಾಗತ, ಪ್ರತ್ಯೇಕಬುದ್ಧ, ತಥಾಗತನ ಶ್ರಾವಕ ಮತ್ತು ಚಕ್ರವರ್ತಿ. ಇನ್ನೊಂದೆಡೆ, ಹೂವು ಗಂಧಗಳಿಂದ ಸಲ್ಲುವ ಗೌರವಕ್ಕಿಂತ ಧಮ್ಮವನ್ನು ಆಚರಿಸುವವನು ಸಲ್ಲಿಸುವ ಗೌರವವೇ ಶ್ರೇಷ್ಠವೆಂದು ಸಾರುತ್ತದೆ. ಮುಂದಿನ ಪಾಲಿ ವ್ಯಾಖ್ಯಾನಕಾರರು ಮೊದಲನೆಯದನ್ನು ಆಮಿಷಪೂಜೆ ಎಂದೂ ಎರಡನೆಯದನ್ನು ಪಟಿಪತ್ತಿಪೂಜೆ, ಅಂದರೆ ಆಚರಣೆಯ ಮೂಲಕ ಸಲ್ಲುವ ಪೂಜೆ, ಎಂದೂ ಬೇರ್ಪಡಿಸಿ ಹೇಳಿದ್ದಾರೆ. ಬೌದ್ಧ ಸ್ಮಾರಕವೊಂದನ್ನು ಅಳೆಯಲು ಇದಕ್ಕಿಂತ ಸೂಕ್ತವಾದ ಮಾನದಂಡವನ್ನು ಹೊರಗಿನಿಂದ ತರಬೇಕಾಗಿಲ್ಲ.

ಮುಂಬಯಿಯ ವಾಯವ್ಯ ಅಂಚಿನಲ್ಲಿ, ಗೊರಾಯಿ ಖಾರಿ ಮತ್ತು ಅರಬ್ಬೀ ಸಮುದ್ರಗಳ ನಡುವಣ ಭೂಭಾಗದಲ್ಲಿ ನಿಂತಿರುವ ವಿಪಸ್ಸನಾ ಪಗೋಡವನ್ನು ಈ ಲೇಖನವು ಅದೇ ಮಾನದಂಡದಿಂದ ನೋಡಲು ಯತ್ನಿಸುತ್ತದೆ. ಬರ್ಮಾದ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಿಗೆ ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ ಸಲ್ಲಿಸಿದ ಕೃತಜ್ಞತೆಯ ಕುರುಹಾಗಿ ಈ ಕಟ್ಟಡವು ರೂಪುಗೊಂಡಿತು. ಇದರ ಯೋಜನೆ ೧೯೯೭ರಲ್ಲಿ ಆರಂಭವಾಯಿತು. ೨೦೦೯ರ ಫೆಬ್ರವರಿ ೮ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರು ಇದನ್ನು ಉದ್ಘಾಟಿಸಿದರು. ಇದರ ಕುರಿತು ಬಂದಿರುವ ಬರಹಗಳಲ್ಲಿ ಹೆಚ್ಚಿನವು ಅಳತೆಗಳ ವರ್ಣನೆಯಲ್ಲಿ ತೊಡಗಿವೆ. ಸ್ಮಾರಕವು ತಾನು ನೆನೆಯುವ ಗುರುವಿಗೆ ಎಷ್ಟು ನಿಷ್ಠವಾಗಿದೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಇಲ್ಲಿಯ ಉದ್ದೇಶ.

೨

ಊ ಬಾ ಖಿನ್ ೧೮೯೯ರ ಮಾರ್ಚ್ ೬ರಂದು ರಂಗೂನಿನಲ್ಲಿ ಜನಿಸಿದರು. ಅವರು ಭಿಕ್ಷುವಲ್ಲ, ಗೃಹಸ್ಥರು; ವೃತ್ತಿಯಿಂದ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ೧೯೩೭ರಲ್ಲಿ ಆನಾಪಾನ ಧ್ಯಾನದ ಪರಿಚಯ ಪಡೆದು, ರೈತ ಕುಟುಂಬದಿಂದ ಬಂದ ಗೃಹಸ್ಥಗುರು ಸಯಾ ಥೆಟ್‌ಜಿ ಅವರ ಬಳಿ ಅಭ್ಯಾಸ ನಡೆಸಿದರು. ಸಯಾ ಥೆಟ್‌ಜಿ ಅವರು ಲೇಡಿ ಸಯಾಡೋ ಅವರ ಶಿಷ್ಯರು. ೧೯೪೮ರ ಜನವರಿ ೪ರಂದು ಬರ್ಮಾ ಸ್ವತಂತ್ರವಾದಾಗ ಊ ಬಾ ಖಿನ್ ಆ ದೇಶದ ಮೊದಲ ಮಹಾಲೇಖಪಾಲರಾದರು. ಕಚೇರಿಯ ಸಹೋದ್ಯೋಗಿಗಳಿಗೆ ಧ್ಯಾನ ಕಲಿಸತೊಡಗಿದ ಅವರು ೧೯೫೨ರಲ್ಲಿ ರಂಗೂನಿನಲ್ಲಿ ಅಂತರರಾಷ್ಟ್ರೀಯ ಧ್ಯಾನಕೇಂದ್ರವನ್ನು ಸ್ಥಾಪಿಸಿದರು; ೧೯೭೧ರ ಜನವರಿ ೧೯ರಂದು ನಿಧನರಾದರು. ಹಗಲು ಸರಕಾರದ ಲೆಕ್ಕ, ಉಳಿದ ಹೊತ್ತು ಉಸಿರಿನ ಲೆಕ್ಕ ಎಂಬಂತೆ ನಡೆದ ಜೀವನ ಅದು. ಅವರ ಬಳಿ ಒಂದು ಬಾರಿಗೆ ಕುಳಿತು ಕಲಿಯುತ್ತಿದ್ದವರ ಸಂಖ್ಯೆ ಚಿಕ್ಕದು. ಗುರುಶಿಷ್ಯರ ನಡುವಣ ನೇರ ಗಮನವೇ ಅವರ ಬೋಧನೆಯ ಕ್ರಮವಾಗಿತ್ತು.

ಮಾಂಡಲೆಯಲ್ಲಿ ೧೯೨೪ರಲ್ಲಿ ಜನಿಸಿದ, ಮಾರವಾಡಿ ವ್ಯಾಪಾರಿ ಮನೆತನದ ಗೋಯೆಂಕಾ ೧೯೫೫ರಲ್ಲಿ ಈ ಗುರುವಿನ ಬಳಿಗೆ ಬಂದರು. ಹದಿನಾಲ್ಕು ವರ್ಷಗಳ ಅಭ್ಯಾಸದ ನಂತರ, ೧೯೬೯ರಲ್ಲಿ, ಗುರುವಿನ ಅನುಮತಿಯೊಂದಿಗೆ ಭಾರತಕ್ಕೆ ಬಂದು ಅದೇ ವರ್ಷದ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಭಾರತಕ್ಕೆ ಧಮ್ಮವನ್ನು ಹಿಂದಿರುಗಿಸಬೇಕೆಂಬುದು ಊ ಬಾ ಖಿನ್ ಅವರ ಹಂಬಲವಾಗಿತ್ತು. ಅವರು ತಾವೇ ಬರುವುದು ಸಾಧ್ಯವಾಗಲಿಲ್ಲ. ೨೦೧೩ರ ಸೆಪ್ಟೆಂಬರ್ ೨೯ರಂದು ಗೋಯೆಂಕಾ ತೀರಿಕೊಳ್ಳುವ ಹೊತ್ತಿಗೆ ಅವರು ಕಲಿಸಿದ ಕ್ರಮದ ಕೇಂದ್ರಗಳು ಹಲವು ಖಂಡಗಳಲ್ಲಿ ಹರಡಿದ್ದವು. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲವೂ ಅವುಗಳಲ್ಲಿ ಒಂದು. ಹೀಗೆ ಗೊರಾಯಿಯ ಪಗೋಡವು ಬರಲಾಗದ ಗುರುವಿನ ಪರವಾಗಿ ಬಂದ ಶಿಷ್ಯನೊಬ್ಬನು ಮರಳಿಸಿದ ಋಣ. ಈ ಹಿನ್ನೆಲೆಯನ್ನು ಮರೆತರೆ ಕಟ್ಟಡದ ಆಕಾರವೇ ಅರ್ಥವಾಗುವುದಿಲ್ಲ.

೩

ಸ್ತೂಪವು ಮೂಲತಃ ಗಟ್ಟಿಯಾದ ರಚನೆ. ಸಾಂಚಿಯಲ್ಲಾಗಲಿ, ಕಲಬುರಗಿ ಜಿಲ್ಲೆಯ ಭೀಮಾತೀರದಲ್ಲಿ ಸನ್ನತಿಗೆ ಹೊಂದಿಕೊಂಡಂತಿರುವ ಕನಗನಹಳ್ಳಿಯಲ್ಲಾಗಲಿ ಸ್ತೂಪದ ಗರ್ಭವು ತುಂಬಿದ ಗರ್ಭ, ಅದರೊಳಕ್ಕೆ ಪ್ರವೇಶವಿಲ್ಲ. ಭಕ್ತನು ಹೊರಗೆ ಪ್ರದಕ್ಷಿಣೆ ಬರುತ್ತಾನೆ, ಶಿಲ್ಪಫಲಕಗಳನ್ನು ನೋಡುತ್ತಾನೆ, ಧಾತುವಿನ ಸಾನ್ನಿಧ್ಯವನ್ನು ಭಾವಿಸುತ್ತಾನೆ. ರಂಗೂನಿನ ಶ್ವೇಡಗೋನ್ ಕೂಡ ಇದೇ ಬಗೆಯದು. ಸುಮಾರು ೯೯ ಮೀಟರ್ ಎತ್ತರದ ಆ ಸುವರ್ಣಸ್ತೂಪದ ಪೂಜೆಯೆಲ್ಲ ಅದರ ಹೊರಗಿನ ಜಗಲಿಯ ಮೇಲೆಯೇ ನಡೆಯುತ್ತದೆ.

ಊ ಬಾ ಖಿನ್ ತಮ್ಮ ಕೇಂದ್ರದಲ್ಲಿ ಕಟ್ಟಿಸಿದ ಚಿಕ್ಕ ಪಗೋಡವು ಈ ಕ್ರಮವನ್ನು ಒಳಹೊರಗು ಮಾಡಿತು. ಅದರ ನಡುವೆ ಗುರುವು ಕುಳಿತುಕೊಳ್ಳುವ ಒಂದು ದುಂಡು ಕೋಣೆ. ಅದರ ಸುತ್ತ ಶಿಷ್ಯರಿಗಾಗಿ ಎಂಟು ಕೋಶಗಳು. ಪ್ರದಕ್ಷಿಣೆ ಬರುವವನು ಒಳಗೆ ಬಂದು ಕುಳಿತನು. ಪೂಜಾವಸ್ತುವಾಗಿದ್ದ ಸ್ತೂಪವು ಅಭ್ಯಾಸದ ಸ್ಥಳವಾಯಿತು. ಮೇಲೆ ಹೇಳಿದ ಪಾರಿಭಾಷಿಕ ಪದಗಳಲ್ಲಿ ಹೇಳುವುದಾದರೆ, ಆಮಿಷಪೂಜೆಯ ಆಕಾರದೊಳಗೆ ಪಟಿಪತ್ತಿಪೂಜೆಗೆ ಎಡೆ ದೊರೆಯಿತು. ಆಧುನಿಕ ಬೌದ್ಧ ವಾಸ್ತುವಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಗೊರಾಯಿಯ ಕಟ್ಟಡದ ನಿಜವಾದ ಮೂಲವನ್ನು ಶ್ವೇಡಗೋನ್‌ನಲ್ಲಿ ಹುಡುಕುವುದಕ್ಕಿಂತ ಈ ಎಂಟು ಕೋಶಗಳಲ್ಲಿ ಹುಡುಕುವುದು ಹೆಚ್ಚು ಉಚಿತ.

ಇಗತ್‌ಪುರಿಯ ಧಮ್ಮಗಿರಿಯಲ್ಲಿ ಗೋಯೆಂಕಾ ಈ ಮಾದರಿಯನ್ನು ವಿಸ್ತರಿಸಿದರು. ಅಲ್ಲಿಯ ಪಗೋಡದಲ್ಲಿ ಏಕಾಂತಕೋಶಗಳ ಸಂಖ್ಯೆ ನೂರಾರು. ಗೊರಾಯಿಯಲ್ಲಿ ಮಾತ್ರ ಒಂದು ಗುಣಾತ್ಮಕ ವ್ಯತ್ಯಾಸ ಸಂಭವಿಸಿದೆ. ಅಲ್ಲಿಯ ಮುಖ್ಯ ಗುಮ್ಮಟದ ಕೆಳಗೆ ಗೋಡೆಗಳಿಲ್ಲ, ಕೋಶಗಳಿಲ್ಲ, ಕಂಬಗಳೂ ಇಲ್ಲ. ೬,೦೦೦ ಚದರ ಮೀಟರಿಗೂ ಮಿಗಿಲಾದ ಒಂದೇ ಬಯಲಿನಲ್ಲಿ ೮,೦೦೦ ಜನರು ಒಟ್ಟಿಗೆ ಕುಳಿತುಕೊಳ್ಳಬಹುದು. ಎಂಟು ಎಂಬುದು ಎಂಟು ಸಾವಿರವಾಗುವಾಗ ಹೆಚ್ಚುವುದು ಸಂಖ್ಯೆಯೊಂದೇ ಅಲ್ಲ, ಧ್ಯಾನದ ಕಲ್ಪನೆಯೂ ಬದಲಾಗುತ್ತದೆ: ಏಕಾಂತದ ಸಾಧನೆಯು ಸಮುದಾಯದ ಸಾಧನೆಯಾಗುತ್ತದೆ. ಇದನ್ನು ಗುರುವಿನ ಕ್ರಮದಿಂದ ದೂರ ಸರಿದ ನಡೆ ಎಂದು ತಕ್ಷಣ ತಳ್ಳಿಹಾಕಲಾಗದು. ಭಿಕ್ಷುಗಳ ಆಚೆಗೆ ಗೃಹಸ್ಥರಿಗೂ ಧ್ಯಾನವು ದೊರಕಬೇಕೆಂಬುದು ಲೇಡಿ ಸಯಾಡೋ ಅವರಿಂದ ಹರಿದುಬಂದ ಆಶಯ. ಊ ಬಾ ಖಿನ್ ತಮ್ಮ ಕಚೇರಿಯಲ್ಲಿ ನಡೆಸಿದ್ದೂ ಅದನ್ನೇ. ಆ ಆಶಯದ ವಿಸ್ತಾರವನ್ನು ಈ ಸಭಾಂಗಣವು ಪ್ರತಿನಿಧಿಸುತ್ತದೆ. ಗುರುವು ಪ್ರತಿಯೊಬ್ಬ ಶಿಷ್ಯನಿಗೂ ನೀಡುತ್ತಿದ್ದ ಗಮನವನ್ನು ಅದು ಪ್ರತಿನಿಧಿಸಲಾರದು. ಸ್ಮಾರಕವು ಗುರುವಿನ ಎರಡು ಗುಣಗಳಲ್ಲಿ ಒಂದನ್ನು ಆರಿಸಿಕೊಂಡಿದೆ ಎನ್ನುವುದೇ ನ್ಯಾಯವಾದ ಮಾತು.

೪

ಈ ಗುಮ್ಮಟವನ್ನು ಕುರಿತ ಬರಹಗಳಲ್ಲಿ ವಿಜಯಪುರದ ಗೋಲಗುಮ್ಮಟದ ಹೆಸರು ಮತ್ತೆ ಮತ್ತೆ ಬರುವುದರಿಂದ ಕನ್ನಡದ ಸಂಶೋಧಕರಿಗೆ ಈ ಹೋಲಿಕೆಯನ್ನು ಪರಿಶೀಲಿಸುವ ಹೊಣೆಯಿದೆ. ಪ್ರಪಂಚದಲ್ಲಿ ಈವರೆಗಿದ್ದ ಅತಿದೊಡ್ಡ ಶಿಲಾಗುಮ್ಮಟವಾದ ಗೋಲಗುಮ್ಮಟವನ್ನು ಗೊರಾಯಿಯದು ಎರಡು ಪಟ್ಟು ಮೀರಿಸಿದೆ ಎಂಬುದು ಪ್ರಚಲಿತ ಹೇಳಿಕೆ. ಅಳತೆಯ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಗೋಲಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರ್; ಗೊರಾಯಿಯದು ೮೫.೧೫ ಮೀಟರ್. ಆದರೆ ಗೋಲಗುಮ್ಮಟದ ಗೋಡೆಗಳು ಕರಿಶಿಲೆಯವಾದರೂ ಅದರ ಗುಮ್ಮಟವು ಸುಣ್ಣದ ಗಾರೆಯಲ್ಲಿ ಕೂಡಿಸಿದ ಇಟ್ಟಿಗೆಯದು. ಆದುದರಿಂದ ಶಿಲಾಗುಮ್ಮಟಗಳ ಪಟ್ಟಿಯಲ್ಲಿ ಅದನ್ನಿರಿಸಿ ಮೀರಿಸುವ ಮಾತೇ ತಾಂತ್ರಿಕವಾಗಿ ಸಡಿಲವಾದುದು.

ಕಟ್ಟುವ ಕೌಶಲದಲ್ಲಿಯೂ ಇವೆರಡರ ದಾರಿಗಳು ಬೇರೆ. ವಿಜಯಪುರದ ಶಿಲ್ಪಿಗಳು ಚೌಕಾಕಾರದ ಕೋಣೆಯ ಮೇಲೆ ಪರಸ್ಪರ ಹಾಯ್ದುಹೋಗುವ ಕಮಾನುಗಳನ್ನು ಎಬ್ಬಿಸಿ, ಚೌಕವನ್ನು ಎಂಟು ಮೂಲೆಗೆ ತಿರುಗಿಸಿ, ಅದರ ಮೇಲೆ ವೃತ್ತವನ್ನು ಕೂರಿಸಿದರು. ಒಳಮುಖವಾಗಿ ಚಾಚಿಕೊಂಡಿರುವ ಕಮಾನುಗಳ ಭಾರವು ಗುಮ್ಮಟದ ಹೊರನೂಕನ್ನು ತಡೆಯುತ್ತದೆ. ಗೊರಾಯಿಯಲ್ಲಿ ಕೆಳಗೆ ಬಸಾಲ್ಟಿನ ಅಡಿಪಾಯವಿದ್ದು, ಗುಮ್ಮಟಕ್ಕೆ ರಾಜಸ್ಥಾನದಿಂದ ತಂದ ಮರಳುಗಲ್ಲನ್ನು ಬಳಸಲಾಗಿದೆ. ೬೦೦ರಿಂದ ೭೦೦ ಕಿಲೋಗ್ರಾಂ ತೂಗುವ ಒಂದೊಂದು ಕಲ್ಲೂ ನೆರೆಯ ಕಲ್ಲಿನೊಡನೆ ಕಚ್ಚಿಕೊಳ್ಳುವಂತೆ ಕಡೆಯಲಾಗಿದೆ. ಉಳಿದ ಸಂದುಗಳಲ್ಲಿ ಸುಣ್ಣದ ಗಾರೆ. ಉಕ್ಕಿನ ಚೌಕಟ್ಟು ಸುಲಭವಾಗಿ ದೊರೆಯುವ ಕಾಲದಲ್ಲಿ ಕಲ್ಲು, ಸುಣ್ಣಗಳ ಹಳೆಯ ವಿದ್ಯೆಯನ್ನು ಆರಿಸಿಕೊಂಡದ್ದು ಬಾಳಿಕೆಯ ದೃಷ್ಟಿಯಿಂದ. ಅನಿತ್ಯವನ್ನು ಬೋಧಿಸಿದ ಗುರುವಿಗೆ ಅತ್ಯಂತ ಬಾಳಿಕೆಯ ಕಟ್ಟಡವನ್ನು ಅರ್ಪಿಸಿದಂತಾಯಿತು.

ಇವೆರಡರ ಹೋಲಿಕೆಯಲ್ಲಿ ಗಾತ್ರಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎರಡೂ ಸ್ಮಾರಕಗಳು, ಎರಡೂ ಕಂಬವಿಲ್ಲದ ಒಳಬಯಲನ್ನು ಗುಮ್ಮಟದಿಂದ ಮುಚ್ಚಿವೆ. ಗೋಲಗುಮ್ಮಟದ ನಡುವಣ ಜಗಲಿಯ ಮೇಲೆ ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹ ಹಾಗೂ ಅವನ ಕುಟುಂಬದವರ ಗೋರಿಗಳಿವೆ. ಒಳಬಯಲು ಇರುವುದು ಆ ಗೋರಿಗಳ ಘನತೆಗಾಗಿ. ಅಲ್ಲಿ ನೋಡುಗನ ಧ್ವನಿ ಅವನಿಗೇ ಹಲವು ಬಾರಿ ಮರಳಿ ಕೇಳಿಸುತ್ತದೆ. ಇಂದು ಜನರು ಆ ಸ್ಮಾರಕವನ್ನು ನೆನೆಯುವುದೂ ಆ ಪ್ರತಿಧ್ವನಿಯಿಂದಲೇ. ಗೊರಾಯಿಯ ಗುಮ್ಮಟದ ನಡುವೆ ಊ ಬಾ ಖಿನ್ ಅವರ ಗೋರಿಯಿಲ್ಲ. ಒಳಬಯಲು ಇರುವುದು ಅಲ್ಲಿ ಬಂದು ಕುಳಿತುಕೊಳ್ಳುವವರಿಗಾಗಿ, ಅವರ ಮೌನಕ್ಕಾಗಿ. ನೆನೆಯಲ್ಪಡುವವನ ಸ್ಥಾನವನ್ನು ನೆನೆಯುವವರಿಗೆ ಬಿಟ್ಟುಕೊಟ್ಟ ಈ ಏರ್ಪಾಡೇ ಸ್ಮಾರಕವಾಸ್ತುವಿಗೆ ಗೊರಾಯಿ ನೀಡಿರುವ ಕೊಡುಗೆ. ದಾಖಲೆಯ ಅಳತೆಗಳನ್ನು ಮುಂದೊಡ್ಡುವ ಬರಹಗಳು ಈ ಕೊಡುಗೆಯನ್ನು ಮರೆಮಾಡಿವೆ.

೫

ಗುರುವಿನ ಅವಶೇಷ ನಡುವೆ ಇಲ್ಲದಿದ್ದರೂ ಧಾತುವಿಗೆ ಇಲ್ಲಿ ಸ್ಥಾನವಿದೆ. ೨೦೦೬ರ ಅಕ್ಟೋಬರ್ ೨೯ರಂದು ಬುದ್ಧನ ಅಸ್ಥಿಧಾತುಗಳನ್ನು ಮುಖ್ಯ ಗುಮ್ಮಟದ ನೆತ್ತಿಯ ಬೀಗಗಲ್ಲಿನಲ್ಲಿ ಪ್ರತಿಷ್ಠಾಪಿಸಲಾಯಿತು. ಇವು ಆಂಧ್ರದ ಗುಂಟೂರು ಪ್ರದೇಶದ ಭಟ್ಟಿಪ್ರೋಲು ಸ್ತೂಪದಲ್ಲಿ ದೊರೆತು, ಮಹಾಬೋಧಿ ಸೊಸೈಟಿಯ ಮೂಲಕ ಹಾಗೂ ಶ್ರೀಲಂಕೆಯಿಂದ ದಾನವಾಗಿ ಬಂದವು. ಹಳೆಯ ಸ್ತೂಪದಲ್ಲಿ ಧಾತುಕರಂಡಕವು ಗರ್ಭದಲ್ಲಿ ಹುದುಗಿರುತ್ತಿತ್ತು. ಗರ್ಭವೇ ಬಯಲಾದಾಗ ಧಾತು ಎಲ್ಲಿರಬೇಕು ಎಂಬ ಪ್ರಶ್ನೆಗೆ ಇಲ್ಲಿ ದೊರೆತ ಉತ್ತರ ಮನನೀಯವಾಗಿದೆ. ಗುಮ್ಮಟದ ಎಲ್ಲ ಕಲ್ಲುಗಳನ್ನು ಬಿಗಿಹಿಡಿದು ವೃತ್ತವನ್ನು ಪೂರ್ಣಗೊಳಿಸುವ ಕಲ್ಲಿನಲ್ಲಿಯೇ ಧಾತುವನ್ನಿರಿಸಿದ್ದರಿಂದ ರಚನೆಯ ಕೇಂದ್ರವೂ ಶ್ರದ್ಧೆಯ ಕೇಂದ್ರವೂ ಒಂದಾಗಿವೆ. ಕೆಳಗಿನ ಬಯಲು ಬಯಲಾಗಿಯೇ ಉಳಿದಿದೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ವಿಧಿ, ಕರ್ಮಕಾಂಡ, ಪಂಥಾಭಿಮಾನಗಳಿಂದ ಮುಕ್ತವಾದ ಸಾರ್ವತ್ರಿಕ ಸಾಧನೆಯೆಂದು ವಿಪಸ್ಸನೆಯನ್ನು ನಿರೂಪಿಸಿದ ಗೋಯೆಂಕಾ ಅವರೇ ಧಾತುಪ್ರತಿಷ್ಠೆಯನ್ನು ಮಾಡಿದ್ದೇಕೆ? ಥೇರವಾದ ಸಂಪ್ರದಾಯವು ಚೇತಿಯಗಳನ್ನು ಧಾತುವುಳ್ಳದ್ದು, ಬುದ್ಧನು ಬಳಸಿದ ವಸ್ತುವಿಗೆ ಸಂಬಂಧಿಸಿದ್ದು, ಅವನನ್ನು ಉದ್ದೇಶಿಸಿ ರಚಿಸಿದ ಪ್ರತಿರೂಪ ಎಂದು ವಿಂಗಡಿಸುತ್ತದೆ. ಗೃಹಸ್ಥನೊಬ್ಬನ ಹೆಸರಿನಲ್ಲಿ ನೇರವಾಗಿ ಸ್ತೂಪವನ್ನು ಎಬ್ಬಿಸುವುದಕ್ಕೆ ಸುತ್ತದ ನಾಲ್ವರ ಪಟ್ಟಿಯಲ್ಲಿ ಸುಲಭವಾದ ಆಧಾರ ದೊರೆಯುವುದಿಲ್ಲ. ಬುದ್ಧಧಾತುವನ್ನಿರಿಸಿ, ಆ ಕಾರ್ಯದ ಪ್ರೇರಣೆಯನ್ನು ಗುರುವಿಗೆ ಅರ್ಪಿಸುವ ಮೂಲಕ ಶಿಷ್ಯನು ಸಂಪ್ರದಾಯದ ಮಿತಿಯೊಳಗೆ ನಿಂತೇ ಗುರುವನ್ನು ಗೌರವಿಸಿದ್ದಾನೆ. ಬುದ್ಧಸ್ತೂಪದ ಆಶ್ರಯದಲ್ಲಿ ಇನ್ನೊಬ್ಬರ ಸ್ಮರಣೆಯನ್ನು ನೆಲೆಗೊಳಿಸುವ ರೂಢಿ ಪ್ರಾಚೀನವಾದುದು. ಕನಗನಹಳ್ಳಿಯ ಸ್ತೂಪದ ಮೇಲೆ ಬ್ರಾಹ್ಮೀಲಿಪಿಯಲ್ಲಿ ಅಶೋಕನ ಹೆಸರು ಕೊರೆದ, ಅವನ ಆಕೃತಿಯುಳ್ಳ ಫಲಕ ದೊರೆತಿರುವುದು ಇದಕ್ಕೆ ನಮ್ಮ ನೆಲದ ಸಾಕ್ಷ್ಯ.

೬

ಒಳಗಿನ ಸಭಾಂಗಣಕ್ಕೆ ಸಲ್ಲುವ ಮೆಚ್ಚುಗೆ ಹೊರಗಿನ ಆಕಾರಕ್ಕೆ ಅದೇ ಪ್ರಮಾಣದಲ್ಲಿ ಸಲ್ಲಲಾರದು. ಕಟ್ಟಡದ ಒಟ್ಟು ಎತ್ತರ ೯೬.೧೨ ಮೀಟರ್; ಧ್ಯಾನಿಗಳು ಕುಳಿತುಕೊಳ್ಳುವ ಗುಮ್ಮಟದ ಎತ್ತರ ಸುಮಾರು ೨೯ ಮೀಟರ್. ಅದರ ಮೇಲೆ ಒಂದರ ಮೇಲೊಂದರಂತೆ ಇನ್ನೆರಡು ಗುಮ್ಮಟಗಳಿದ್ದು, ಮೂರನೆಯದರ ರಚನೆ ೨೦೦೮ರ ನವೆಂಬರಿನಲ್ಲಿ ಮುಗಿಯಿತು. ಎಂದರೆ ಎತ್ತರದ ಮೂರನೇ ಎರಡು ಪಾಲಿಗಿಂತ ಹೆಚ್ಚಿನ ಭಾಗವು ಶ್ವೇಡಗೋನ್‌ನ ರೂಪರೇಖೆಯನ್ನು ಮುಂಬಯಿಯ ಆಕಾಶದಲ್ಲಿ ಮರುಸೃಷ್ಟಿಸುವುದಕ್ಕಾಗಿ ಇದೆ. ಶಿಖರಕ್ಕೆ ಚಿನ್ನದ ಹೊದಿಕೆ, ಉಳಿದ ಭಾಗಕ್ಕೆ ಚಿನ್ನದ ಬಣ್ಣ, ಬರ್ಮಾದಿಂದ ದಾನವಾಗಿ ಬಂದ ಛತ್ರ, ಅಲ್ಲಿಯೇ ಕೆತ್ತಿದ ಮರದ ಬಾಗಿಲುಗಳು ಎಲ್ಲವೂ ಬರ್ಮಾಕ್ಕೆ ಸಲ್ಲಿಸಿದ ನಮನಗಳು. ನಮನ ಪ್ರಾಮಾಣಿಕವಾದುದು. ಆದರೆ ವಾಸ್ತುವಿನ ದೃಷ್ಟಿಯಿಂದ ಒಳಗಿನ ರಚನೆ ಹೊಸ ಆಲೋಚನೆಯ ಫಲವಾದರೆ ಹೊರಗಿನದು ಪ್ರತಿಕೃತಿ.

ಪ್ರತಿಕೃತಿಯು ಕೇವಲ ಆಕಾರವನ್ನು ಹೇಳುವುದಿಲ್ಲ, ಒಂದು ಇತಿಹಾಸವನ್ನೂ ಹೇಳುತ್ತದೆ: ಭಾರತದಲ್ಲಿ ಕಳೆದುಹೋದ ಸಾಧನೆಯನ್ನು ಬರ್ಮಾದ ಗುರುಪರಂಪರೆಯೊಂದು ಶತಮಾನಗಳ ಕಾಲ ಶುದ್ಧವಾಗಿ ಕಾಪಾಡಿ ಮರಳಿಸಿತು ಎಂಬುದು ಆ ಇತಿಹಾಸ. ಸಂಶೋಧನೆ ಈ ಚಿತ್ರವನ್ನು ಹಾಗೆಯೇ ಒಪ್ಪುವುದಿಲ್ಲ. ೧೮೮೫ರಲ್ಲಿ ಬರ್ಮಾದ ರಾಜಸತ್ತೆ ಬ್ರಿಟಿಷರ ಎದುರು ಕುಸಿದ ಮೇಲೆ, ರಾಜಾಶ್ರಯವಿಲ್ಲದೆ ಶಾಸನವು ಉಳಿಯಬೇಕಾದರೆ ಗೃಹಸ್ಥರೇ ಅಧ್ಯಯನ ಹಾಗೂ ಧ್ಯಾನಗಳನ್ನು ಕೈಗೆತ್ತಿಕೊಳ್ಳಬೇಕೆಂಬ ಲೇಡಿ ಸಯಾಡೋ ಅವರ ಪ್ರಯತ್ನದಿಂದ ಸಾಮೂಹಿಕ ವಿಪಸ್ಸನೆ ರೂಪುಗೊಂಡಿತೆಂದು ಎರಿಕ್ ಬ್ರೌನ್ ೨೦೧೩ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಈ ದೃಷ್ಟಿಯಿಂದ ವಿಪಸ್ಸನೆಯ ಇಂದಿನ ರೂಪವು ವಸಾಹತುಕಾಲದ ಸಂಕಟಕ್ಕೆ ಬರ್ಮಾದ ಬೌದ್ಧರು ಕಂಡುಕೊಂಡ ಸೃಜನಶೀಲ ಉತ್ತರ. ಇದರಿಂದ ಆ ಸಾಧನೆಯ ಬೆಲೆ ಕುಗ್ಗುವುದಿಲ್ಲ. ಊ ಬಾ ಖಿನ್ ಅವರಂತಹ ಸರಕಾರಿ ಅಧಿಕಾರಿಯೊಬ್ಬರು ಧ್ಯಾನಗುರುವಾದ ಸಂಗತಿಯ ಮಹತ್ತ್ವವು ಹೆಚ್ಚುತ್ತದೆ. ಬದಲಾವಣೆಯಿಲ್ಲದೆ ಬಂದ ಪರಂಪರೆಯ ಕಥನದಲ್ಲಿ ಅವರು ಕೇವಲ ಒಂದು ಕೊಂಡಿ. ಮಹಾಲೇಖಪಾಲರ ಮೇಜಿನ ಪಕ್ಕದಲ್ಲಿ ಧ್ಯಾನಕ್ಕೆ ಎಡೆ ಮಾಡಿಕೊಟ್ಟ ವ್ಯಕ್ತಿಯ ಹೊಸತನವು ಬಂಗಾರದ ಹೊರಮೈಯಲ್ಲಿ ಕಾಣಸಿಗುವುದಿಲ್ಲ.

ಇದರ ಜೊತೆಗೆ, ಊ ಬಾ ಖಿನ್ ಅವರ ಉತ್ತರಾಧಿಕಾರ ಒಂದೇ ಧಾರೆಯಲ್ಲಿ ಹರಿದಿಲ್ಲ ಎಂಬುದನ್ನೂ ಗಮನಿಸಬೇಕು. ಅವರ ಕೇಂದ್ರದಲ್ಲಿಯೇ ಬೆಳೆದ ಸಯಾಮಾಜಿ ಡೋ ಮ್ಯಾ ಥ್ವಿನ್ ಮತ್ತು ಊ ಚಿಟ್ ಟಿನ್ ೧೯೭೯ರಲ್ಲಿ ಇಂಗ್ಲೆಂಡಿನ ಹೆಡಿಂಗ್ಟನ್‌ನಲ್ಲಿ ಕೇಂದ್ರ ಸ್ಥಾಪಿಸಿದರು. ರೂತ್ ಡೆನಿಸನ್, ಜಾನ್ ಕೋಲ್ಮನ್ ಮೊದಲಾದ ಪಾಶ್ಚಾತ್ಯ ಶಿಷ್ಯರು ತಮ್ಮದೇ ರೀತಿಯಲ್ಲಿ ಬೋಧಿಸಿದರು. ಗೊರಾಯಿಯ ಪಗೋಡವು ಇವರಲ್ಲಿ ಒಬ್ಬ ಶಿಷ್ಯನ ಸ್ಮೃತಿ. ಅತಿ ದೊಡ್ಡ ಸ್ಮಾರಕವು ಕಾಲಕ್ರಮದಲ್ಲಿ ಏಕೈಕ ಸ್ಮೃತಿಯೆಂಬ ಸ್ಥಾನವನ್ನು ಪಡೆದುಬಿಡುವ ಅಪಾಯವಿರುವುದರಿಂದ ಇತಿಹಾಸಕಾರನು ಉಳಿದ ಧಾರೆಗಳನ್ನು ದಾಖಲಿಸುತ್ತಿರಬೇಕು.

೭

ಒಳಗು ಹೊರಗುಗಳ ನಡುವಣ ಈ ಅಂತರವು ಕಟ್ಟಡದ ಒಂದು ಸ್ಥಳದಲ್ಲಿ ಕಣ್ಣಿಗೆ ಕಾಣುವಂತೆ ಮೂರ್ತಗೊಂಡಿದೆ. ಹತ್ತು ದಿನಗಳ ಶಿಬಿರವನ್ನು ಪೂರೈಸಿದವರು ಗುಮ್ಮಟದ ಕೆಳಗೆ ನಡೆಯುವ ಏಕದಿನ ಶಿಬಿರದಲ್ಲಿ ಕುಳಿತುಕೊಳ್ಳಬಹುದು. ಉಳಿದ ಸಂದರ್ಶಕರು ಒಳಬಯಲನ್ನು ಗಾಜಿನ ಆವರಣದ ಆಚೆಯಿಂದ ನೋಡುತ್ತಾರೆ. ಸಾಧಕರ ಮೌನ ಕದಡಬಾರದೆಂಬ ಕಾರಣ ಒಪ್ಪತಕ್ಕದ್ದೇ. ಆದರೂ ಗಾಜಿನ ಹಿಂದೆ ಕುಳಿತ ಧ್ಯಾನಿಯು ನೋಡುಗನ ಪಾಲಿಗೆ ದೃಶ್ಯವಾಗುತ್ತಾನೆ. ಹಳೆಯ ಸ್ತೂಪದ ಸುತ್ತ ಪ್ರದಕ್ಷಿಣೆ ಬರುತ್ತಿದ್ದ ಭಕ್ತನಿಗಿದ್ದ ಪಾತ್ರವೂ ಈ ನೋಡುಗನಿಗೆ ಉಳಿಯುವುದಿಲ್ಲ. ೧೯೫೬ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರೊಂದಿಗೆ ಹಾಗೂ ಅವರ ನಂತರ ಬೌದ್ಧರಾದ ಅಪಾರ ಜನಸಮುದಾಯವಿರುವ ಮಹಾರಾಷ್ಟ್ರದಲ್ಲಿ ಸ್ತೂಪವೆಂಬುದು ಸ್ವಾಭಿಮಾನದ ಕುರುಹೂ ಆಗಿದೆ. ಶಿಬಿರಕ್ಕೆ ಹತ್ತು ದಿನಗಳ ಬಿಡುವು ಪಡೆಯಲಾರದ ದುಡಿಯುವ ಕುಟುಂಬವು ಗಾಜಿನ ಹೊರಗೆ ನಿಲ್ಲುವಾಗ, ಎಲ್ಲರಿಗೂ ಎಂದು ಸಾರುವ ಸಾಧನೆಯ ಸ್ಮಾರಕವು ಅವರಿಗೆ ಏನನ್ನು ನೀಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಸಂದರ್ಶಕರಿಗಾಗಿ ಇರುವ ಬುದ್ಧಚರಿತೆಯ ಚಿತ್ರಶಾಲೆ ಮತ್ತು ಆನಾಪಾನದ ಕಿರುಪರಿಚಯ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಸ್ಮಾರಕದ ಮುಂದಿನ ಬದುಕು ಈ ಕಿರುಪರಿಚಯದ ಕೋಣೆಗಳಿಗೆ ದೊರೆಯುವ ಗಮನವನ್ನು ಅವಲಂಬಿಸಿದೆ. ಊ ಬಾ ಖಿನ್ ತಮ್ಮ ಕಚೇರಿಯಲ್ಲಿ ಆರಂಭಿಸಿದ್ದೂ ಅಂತಹ ಚಿಕ್ಕ ಕೋಣೆಯ ಕೆಲಸವನ್ನೇ.

ಒಟ್ಟಾರೆಯಾಗಿ ಹೇಳುವುದಾದರೆ, ಗೊರಾಯಿಯ ಪಗೋಡದಲ್ಲಿ ಎರಡು ಸ್ಮಾರಕಗಳಿವೆ. ಹೊರಗಿನದು ಒಂದು ದೇಶಕ್ಕೂ ಒಂದು ಪರಂಪರೆಯ ಕಥನಕ್ಕೂ ಸಲ್ಲಿಸಿದ ಆಮಿಷಪೂಜೆ. ಅದರ ಭಕ್ತಿಯನ್ನು ಗೌರವಿಸುತ್ತಲೇ ಅದರ ಇತಿಹಾಸವನ್ನು ಪ್ರಶ್ನಿಸಬೇಕಾಗಿದೆ. ಒಳಗಿನದು ರಂಗೂನಿನ ಎಂಟು ಕೋಶಗಳಿಂದ ಬೆಳೆದುಬಂದ ಬಯಲು. ಜನರು ಬಂದು ಕುಳಿತ ದಿನ ಅದು ಸ್ಮಾರಕವಾಗುತ್ತದೆ. ಬಾರದ ದಿನ ಅದು ದಾಖಲೆಯ ಪುಸ್ತಕಕ್ಕೆ ಸೇರಿದ ಒಂದು ದೊಡ್ಡ ಗುಮ್ಮಟ ಮಾತ್ರ. ಗುರುವಿನ ನೆನಪನ್ನು ಪ್ರತಿದಿನವೂ ಹೊಸದಾಗಿ ಗಳಿಸಬೇಕಾದ ಸ್ಥಿತಿಯಲ್ಲಿ ಈ ಕಟ್ಟಡವನ್ನು ಇರಿಸಿರುವುದೇ ಶಿಷ್ಯನು ಸಲ್ಲಿಸಿದ ನಿಜವಾದ ಗುರುದಕ್ಷಿಣೆ. ಅನಿತ್ಯವನ್ನು ಬೋಧಿಸಿದ ಗುರುವಿಗೆ ಇಂತಹ ಸ್ಮರಣೆಯೇ ತಕ್ಕುದು.